ಫೋಟೋಗೆ ಪ್ರಶಸ್ತಿ, ಯರ್ರಮ್ಮನಿಗೆ ನೋಟಿಸು

ಮಾನ್ಯ ಜಿಲ್ಲಾ ಅಧಿಕಾರಿಗಳೇ,

ನಮ್ಮ ಚಳ್ಳಕೆರೆ ಕಚೇರಿಯ ಈ ವರ್ಷದ ಉತ್ತಮ ನೌಕರ ಪ್ರಶಸ್ತಿಯನ್ನು ತಾವು ಒಂದು ಫೋಟೋಗೆ ಕೊಟ್ಟಿದ್ದೀರಿ. ಅದೇ ವಾರ, ಹದಿನೆಂಟು ವರ್ಷದಿಂದ ಕಚೇರಿ ಗುಡಿಸುತ್ತಿರುವ ಯರ್ರಮ್ಮನಿಗೆ ನಲವತ್ತೊಂದು ದಿನದ ಗೈರುಹಾಜರಿಗಾಗಿ ನೋಟಿಸು ಕಳಿಸಿದ್ದೀರಿ. ಎರಡರ ಕೆಳಗೂ ತಮ್ಮದೇ ಸಹಿ ಇರುವುದರಿಂದ ಈ ಪತ್ರ ತಮಗೇ.

ಮುಖ ನೋಡಿ ಹಾಜರಿ ಹಾಕುವ ಯಂತ್ರವನ್ನು ತಾವು ಬಾಗಿಲ ಪಕ್ಕ ಕೂರಿಸಿದಿರಿ. ಎದುರು ಗೋಡೆಯಲ್ಲಿ, ಕಳೆದ ಮೇ ತಿಂಗಳು ನಿವೃತ್ತರಾದ ಸೂಪರಿಂಟೆಂಡೆಂಟ್ ತಿಪ್ಪೇರುದ್ರಪ್ಪನವರ ದೊಡ್ಡ ಫೋಟೋ ಇದೆ. ಪಟ್ಟಿಯಿಂದ ಅವರ ಹೆಸರು ತೆಗೆಯುವುದು ಯಾರಿಗೂ ನೆನಪಾಗಲಿಲ್ಲ. ಯಂತ್ರ ದಿನಾ ಫೋಟೋ ನೋಡಿ ಹಾಜರಿ ಹಾಕಿತು, ಭಾನುವಾರವನ್ನೂ ಬಿಡಲಿಲ್ಲ. ಯರ್ರಮ್ಮ ಬರುವುದು ಬೆಳಗಿನ ಆರಕ್ಕೆ. ಆ ಅರೆಬೆಳಕಿನಲ್ಲಿ ಎಷ್ಟು ಹೊತ್ತು ನಿಂತರೂ ಯಂತ್ರಕ್ಕೆ ಆಕೆಯ ಗುರುತು ಹತ್ತಲಿಲ್ಲ. ನಾನು ಎರಡು ಸಲ ಟಿಪ್ಪಣಿ ಕಳಿಸಿದೆ. ‘ಯಂತ್ರಕ್ಕೆ ಪಕ್ಷಪಾತ ಗೊತ್ತಿಲ್ಲ’ ಎಂದು ಉತ್ತರಿಸಿದಿರಿ. ನಿಜ. ಪಕ್ಷಪಾತ ಮಾಡುವ ಮನುಷ್ಯರಾದರೂ ಸ್ವಲ್ಪ ಮುಚ್ಚಿಟ್ಟು ಮಾಡುತ್ತಾರೆ.

ಸಮಾರಂಭದ ದಿನ ತಾವೇ ಫೋಟೋಗೆ ಶಾಲು ಹೊದಿಸಿ ಹಾರ ಹಾಕಿದಿರಿ. ಹಾರ ಹಾಕಿದ ಆ ಫೋಟೋ ವಾಟ್ಸಾಪ್‌ನಲ್ಲಿ ಸಂಜೆಯೊಳಗೆ ಅವರ ಊರು ಮೊಳಕಾಲ್ಮುರು ತಲುಪಿತು. ಮರುದಿನ ತಿಪ್ಪೇರುದ್ರಪ್ಪನವರೇ ಬಸ್ಸಿನಲ್ಲಿ ಬಂದಿಳಿದು ನನ್ನನ್ನು ಹಿಡಿದರು.

“ಲೇ ಚಿಕ್ಕೀರಪ್ಪ, ನನ್ ತಂಗಿ ಅಳ್ತಾ ಬಂದವಳು, ಜಗುಲಿ ಮ್ಯಾಲೆ ಕುಂತ ನನ್ನ ನೋಡಿ ಇನ್ನೂ ಜೋರಾಗಿ ಅತ್ಲು. ಏನಿದು?”

ಎಲ್ಲ ಹೇಳಿದೆ. ಅವರು ಯಂತ್ರದ ಮುಂದೆ ನಿಂತರು. ಈಗ ಗಡ್ಡ ಬಿಟ್ಟಿದ್ದಾರೆ; ಯಂತ್ರ ‘ಗುರುತು ಸಿಗಲಿಲ್ಲ’ ಎಂದಿತು. ಅವರು ಫೋಟೋದ ಮೇಲಿನ ಶಾಲು ತೆಗೆದು ಯರ್ರಮ್ಮನ ಕೈಗಿಟ್ಟರು.

“ತಗೊಳಮ್ಮ, ಇದು ನಿಂದು. ನಾನು ಸರ್ವಿಸ್‌ನಾಗಿದ್ದಾಗ್ಲೂ ಹತ್ತೂವರೆಗೇ ಬರ್ತಿದ್ದೆ.”

ಯರ್ರಮ್ಮ ಶಾಲು ಮಡಚಿ ಮೇಜಿನ ಮೇಲಿಟ್ಟಳು. “ಶಾಲು ಬ್ಯಾಡ ಸಾರ್. ನಾನು ಬಂದಿದ್ದೆ ಅಂತ ಒಂದು ಕಾಗದದಾಗೆ ಯಾರಾದ್ರೂ ಬರ್ಕೊಡ್ಲಿ.”

ಹಾಗೆ ಬರೆದುಕೊಡುವ ಅಧಿಕಾರ ಅಲ್ಲಿದ್ದ ಯಾರಿಗೂ ಇರಲಿಲ್ಲ.

ಮರುದಿನದಿಂದ ಆಕೆ ಬರುವುದು ಹತ್ತಕ್ಕೆ. “ಯಾರೂ ಕೇಳದಿದ್ದಾಗ ಆರಕ್ಕೇ ಬಂದೆ. ಈಗ ಕೇಳ್ತಾರಲ್ಲ, ಟೈಮಿಗೆ ಸರಿಯಾಗಿ ಬರ್ತೀನಿ” ಎಂದಳು. ಆಕೆ ಗುಡಿಸಿ ಮುಗಿಸುವವರೆಗೆ ನಾವೆಲ್ಲ ಹೊರಗೆ ನಿಲ್ಲುತ್ತೇವೆ. ಕೊನೆಯ ಅರ್ಜಿದಾರ ಹೋಗುವವರೆಗೂ ಕೂರುತ್ತಿದ್ದ ಗುಮಾಸ್ತ ಗಂಗರಾಜು ಈಗ ಐದೂವರೆಗೆ ಎದ್ದುಬಿಡುತ್ತಾನೆ. ನಾನಾದರೂ ಏನು? ಎರಡು ಬಸ್ಸು ಬದಲಿಸಿ ಬಂದ ಒಬ್ಬ ಅಜ್ಜಿಗೆ, ಐದು ನಿಮಿಷದ ಕೆಲಸಕ್ಕೆ, ಮೊನ್ನೆ “ನಾಳೆ ಬಾ” ಎಂದೆ. ಅಂದ ಮೇಲೆ ನಾಚಿಕೆಯಾಯಿತು. ಅಷ್ಟರಲ್ಲಿ ಅಜ್ಜಿ ಗೇಟು ದಾಟಿದ್ದಳು.

ನಮ್ಮ ಸಂಬಳ ಕಡಿಮೆಯಾಗಿಲ್ಲ, ಕೆಲಸ ಹೆಚ್ಚಾಗಿಲ್ಲ. ಹಾಗಾದರೆ ನಮಗೇನಾಯಿತು? ಈ ಪ್ರಶ್ನೆಗೆ ಉತ್ತರವಾಗಿ ತಾವು ‘ಕೆಲಸದಲ್ಲಿ ಉತ್ಸಾಹ’ ಎಂಬ ಎರಡು ದಿನದ ತರಬೇತಿ ಏರ್ಪಡಿಸಿದಿರಿ. ಹೇಳಿದಾಗಲೆಲ್ಲ ಚಪ್ಪಾಳೆ ತಟ್ಟಿದೆವು. ಯರ್ರಮ್ಮನನ್ನು ಕರೆದಿರಲಿಲ್ಲ.

ನೋಟಿಸು ಹಿಂಪಡೆಯಿರಿ. ಆ ನಲವತ್ತೊಂದು ದಿನವೂ ಆಕೆ ಬಂದಿದ್ದಳೆಂದು ಬರೆದು, ಸಹಿ ಹಾಕಿ, ತಾವೇ ಬಂದು ಆಕೆಯ ಕೈಗೆ ಕೊಡಿ. ಬರುವುದಾದರೆ ಹತ್ತರ ಮೇಲೆ ಬನ್ನಿ. ಆರಕ್ಕೆ ಬಂದರೆ ಈಗ ಬಾಗಿಲು ತೆಗೆಯುವವರೂ ಇಲ್ಲ.

ಇಂತಿ,
ಈ ಪತ್ರ ಬರೆಯುವವರೆಗೆ ನಾಲ್ಕು ವರ್ಷ ಸೇವೆ ಬಾಕಿಯಿದ್ದ,
ಚಿಕ್ಕೀರಪ್ಪ
ದ್ವಿತೀಯ ದರ್ಜೆ ಸಹಾಯಕ