ಮುತ್ತಜ್ಜ ಕೇಳಿದ ತೆರಪು

ಧಾರವಾಡ, ಫೆಬ್ರವರಿ 30, 2121

ಮುತ್ತಜ್ಜ ಫಕೀರಪ್ಪ ತಳವಾರರಿಗೆ ಮರಿಮೊಮ್ಮಗಳು ನಿಂಗವ್ವ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದ ನಂತರ ಯಾರೋ ಪುಣ್ಯಾತ್ಮರು ಫೆಬ್ರವರಿಗಾದ ಅನ್ಯಾಯವನ್ನು ಸರಿಪಡಿಸಿದರು. ನಿಮಗೆ ಗೊತ್ತಿಲ್ಲದ ಪದವೂ ಬಂದೀತು, ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮಗೆ ಮುಟ್ಟುವುದು ಕೋಚ್ ಕೆಲಸ ಹೋದ ಮೂರನೆಯ ವಾರದಲ್ಲಿ. ನೀವು ಊಟ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದ್ದೀರಿ. ಡೈರಿಯಲ್ಲಿ ‘ಹೇಳಬಾರದಿತ್ತು’ ಎಂದು ಬರೆದಿದ್ದೀರಿ. ಆ ಡೈರಿ ಈಗ ನನ್ನ ಹತ್ತಿರವಿದೆ. ಆ ಒಂದು ಮಾತಿಗೆ ಉತ್ತರ ಕೊಡಲೆಂದೇ ಕುಳಿತಿದ್ದೇನೆ.

ನೀವು ಒಂಬತ್ತು ವರ್ಷ ರಾಜ್ಯಕ್ಕೆ ರಗ್ಬಿ ಆಡಿದವರು. ಮುಂದಿನ ಸಾಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ಎದುರಿನ ಎಂಟು ಜನರ ಭಾರ ತಡೆದವರು. ಆಮೇಲೆ ಕಾಲೇಜಿನ ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಆದಿರಿ. ಹಾಸಿಗೆಯಿಂದ ಏಳಲಾಗದ ದಿನಗಳು ಶುರುವಾದಾಗ ಮಂಡಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದಿರಿ, ಏಕೆಂದರೆ ಮಂಡಿನೋವು ಅಂದರೆ ಎಲ್ಲರೂ ಕುರ್ಚಿ ತಂದು ಹಾಕುತ್ತಾರೆ. ಮಂಗಳವಾರ ಬಲಗಾಲಿಗೆ ಸುತ್ತಿದ್ದನ್ನು ಮರೆತು ಗುರುವಾರ ಎಡಗಾಲಿಗೆ ಸುತ್ತಿದಿರಿ. ಮುತ್ತಜ್ಜ, ಅಷ್ಟು ವರ್ಷ ಆಡಿದವರು ಮಾಡುವ ತಪ್ಪೇ ಇದು? ತಂಡದ ನಾಯಕಿ ಶಾಂತವ್ವ ಎಲ್ಲರೆದುರೇ ಕೇಳಿದಳು, “ಸರ, ಮಂಗಳವಾರ ಬಲಗಾಲು ನೋಯ್ತಿತ್ತಲ್ರೀ?”

ನೀವು ನೆಲಕ್ಕೆ ಕೂತು ಹೇಳಿದಿರಿ, “ನೋವು ಕಾಲಾಗ ಇಲ್ಲವ್ವಾ, ಮನಸ್ಸಿನ್ಯಾಗ ಐತಿ. ಆಟದಾಗ ತಲಿಗೆ ಪೆಟ್ಟಾದ್ರ ಹನ್ನೆರಡು ನಿಮಿಷ ಹೊರಗ ಕುಂಡ್ರಿಸಿ ನೋಡ್ತಾರ. ನನಗೂ ಹಂಗ ಒಂದೀಟು ಕುಂಡ್ರಾಕ ಬಿಡ್ರಿ.” ತಿಂಗಳೊಳಗೆ ಆಡಳಿತದವರು ನಿಮ್ಮನ್ನು ಕಳಿಸಿಬಿಟ್ಟರು.

ಆ ಹನ್ನೆರಡು ನಿಮಿಷಕ್ಕೆ ನಾವು ತೆರಪು ಎನ್ನುತ್ತೇವೆ. ತಲೆಯ ಮೇಲೆ ಅಂಗೈ ಇಟ್ಟರೆ ಸಾಕು, ನಮ್ಮ ಕೆಲಸಕ್ಕೆ ಇನ್ನೊಬ್ಬರು ನಿಲ್ಲುತ್ತಾರೆ, ಪಕ್ಕದಲ್ಲಿ ಒಬ್ಬರು ಬಂದು ಕೂರುತ್ತಾರೆ. ನಿಮ್ಮ ಆ ಮಾತು ಹಿಡಿದು ಶಾಂತವ್ವನ ತಂಡ ಶುರುಮಾಡಿದ್ದು ಮೈದಾನದಿಂದ ಶಾಲೆಗೆ, ಬಸ್ ಡಿಪೋಗೆ, ಆಸ್ಪತ್ರೆಗೆ ಹೋಯಿತು. ಹೋದ ತಿಂಗಳು ಮದುಮಗನೊಬ್ಬ ಅಕ್ಕಿಕಾಳು ಬೀಳುವ ಮುಂಚೆ ತೆರಪು ಕೇಳಿದ. ಬೀಗರು ಚುರುಮುರಿ ತಿನ್ನುತ್ತ ಕಾದರು, ಮದುವೆಯೂ ಆಯಿತು. ಕಳ್ಳಾಟದವರೂ ಇದ್ದಾರೆನ್ನಿ. ನಮ್ಮ ಯಜಮಾನರ ಅಂಗೈ ಪಾತ್ರೆ ತೊಳೆಯುವ ಹೊತ್ತಿಗೆ ಸರಿಯಾಗಿ ತಲೆಗೇರುತ್ತದೆ.

ಮೊನ್ನೆ ಶನಿವಾರ ನನ್ನ ಮಗಳು ತುಂಗಾ ಪಂದ್ಯದ ನಡುವೆ ತಲೆಯ ಮೇಲೆ ಕೈ ಇಟ್ಟಳು. ನಿಮ್ಮಂತೆ ಮುಂದಿನ ಸಾಲಿನ ಗಟ್ಟಿ ಹುಡುಗಿ. ಬಿಸಿಲಿಗಿರಬೇಕು ಅಂದುಕೊಂಡೆ. ಪಕ್ಕದಲ್ಲಿ ಕೂತ ಗೆಳತಿಗೆ ಅವಳು ಹೇಳಿದ್ದು, ಮೂರು ತಿಂಗಳಿಂದ ಬದುಕುವುದೇ ಬೇಡವಾಗಿದೆ ಎಂದು. ಒಂದೇ ಸೂರಿನಡಿ ಇದ್ದ ನನಗೆ ಗೊತ್ತೇ ಇರಲಿಲ್ಲ. ಅವತ್ತೇ ಡಾಕ್ಟರು ನೋಡಿದರು. ಇವತ್ತು ಬೆಳಿಗ್ಗೆ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ನನ್ನ ಮೇಲೆ ರೇಗಿದಳು. ಅಡುಗೆಮನೆಗೆ ಹೋಗಿ ಮನಸಾರೆ ಅತ್ತೆ, ಜೀವ ಹಗುರವಾಯಿತು.

ನೀವು ಹೇಳಿದ್ದು ಒಳ್ಳೆಯದಾಯಿತು, ಮುತ್ತಜ್ಜ. ನನ್ನದೊಂದೇ ಬೇಡಿಕೆ. ಮುತ್ತಜ್ಜಿ ರೊಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಎದ್ದು ಎರಡು ತುತ್ತು ಉಣ್ಣಿ. ನಾವೆಲ್ಲ ಇನ್ನೂ ಹುಟ್ಟಬೇಕು.