ಜ್ವರದೀಪ ಇಳಿಸಿದ ಮೇಲೆ

ಇಸವಿ 2239, ಎರಡನೆಯ ಆಟಿ ತಿಂಗಳು
ತೇಲುಕೇರಿ, ಮಲ್ಪೆಯ ಹಳೆಯ ದಡದ ಎದುರು

ಇನ್ನೂರು ವರ್ಷ ಹಿಂದಿನ ಹಿರಿಯರೇ,

ನಮ್ಮಲ್ಲಿ ಮಳೆ ವರ್ಷಕ್ಕೆ ಎರಡು ಸಲ ಹಿಡಿಯುವುದರಿಂದ ಮಳೆಯ ತಿಂಗಳಾದ ಆಟಿಯೂ ಎರಡು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಯಮುನಾ ಮೆಂಡನ್, ಬಲೆ ಹೆಣೆಯುವವಳು. ಬರೆಯುತ್ತಿರುವುದು ಮಗಳು ಸಾಗರಿಯ ದೆಸೆಯಿಂದ, ಸ್ವಲ್ಪ ಸಿಟ್ಟಿನಿಂದಲೂ ಹೌದು.

ತೇಲುಕೇರಿಯೆಂದರೆ ಒಂದಕ್ಕೊಂದು ಹಗ್ಗ ಬಿಗಿದ ದೋಣಿಮನೆಗಳ ಸಾಲುಗಳು. ಇಲ್ಲಿ ಸೊಳ್ಳೆಗೇನೂ ಬರವಿಲ್ಲ. ಯಾರಿಗಾದರೂ ಮಲೇರಿಯಾ ಬಂದರೆ ಆ ಮನೆಯ ಕಂಬಕ್ಕೆ ನೀಲಿ ಜ್ವರದೀಪ ಏರಿಸುತ್ತೇವೆ. ಅದು ಉರಿಯುವಷ್ಟು ದಿನ ಆ ಸಾಲಿನವರು ಮೀನಿಗೆ ಹೋಗುವಂತಿಲ್ಲ. ಸರದಿಯಲ್ಲಿ ರೋಗಿಯ ಬಳಿ ಕೂರಬೇಕು. ನೆತ್ತರಲ್ಲಿ ಮಲೇರಿಯಾದ ಪರಾವಲಂಬಿ (ನಾವು ಅದನ್ನು ಹುಳ ಎನ್ನುತ್ತೇವೆ) ಇಲ್ಲವೆಂದು ಪರೀಕ್ಷೆಯಲ್ಲಿ ಕಂಡ ದಿನ ದೀಪ ಇಳಿಸಿ, ಸಾಲಿಗೆಲ್ಲ ಗಂಜಿ, ಮೀನುಸಾರು ಬಡಿಸುತ್ತೇವೆ. ಮರುದಿನ ರೋಗಿಯೂ ಬಲೆ ಎಳೆಯಲು ಹೊರಡಬೇಕು.

ಹುಳ ಹೋಯಿತೆಂದು ಸಾಗರಿಯ ದೀಪವನ್ನೂ ಇಳಿಸಿದೆವು. ಊಟದ ಹೊತ್ತಿಗೆ ಅವಳಿಗೆ ಏಣಿ ಹತ್ತಲು ಉಸಿರು ಸಾಲಲಿಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ನೆತ್ತರೇ ಇಲ್ಲದಂತೆ, ಸುಣ್ಣದ ಹಾಗೆ ಬಿಳಿ.

"ಜ್ವರ ಬಿಟ್ಟಿತಲ್ಲ ಮಾರಾಯ್ತಿ, ಇನ್ನೆಂತಕ್ಕೆ ಹೆದರುದು? ನಾಲ್ಕು ದಿನ ಉಂಡ್ರೆ ಸರಿಯಾಗ್ತಾಳೆ" ಎಂದರು ಅತ್ತೆ.

ಇಳಿಸಿದ ದೀಪವನ್ನು ನಾನೇ ಮತ್ತೆ ಏರಿಸಿದೆ. ಹಾಗೆ ಯಾರೂ ಮಾಡಿದ್ದಿಲ್ಲ. ದೋಣಿ ಸಜ್ಜು ಮಾಡಿಕೊಂಡಿದ್ದವರೆಲ್ಲ ನನ್ನ ಮೇಲೆ ಹರಿಹಾಯ್ದರು.

ದಡದಿಂದ ಬಂದ ಡಾಕ್ಟರಿಗೂ ಹುಳ ಸಿಗಲಿಲ್ಲ. ಹುಳವನ್ನು ಓಡಿಸಲು ಮೈ ಎಬ್ಬಿಸಿದ ಪ್ರತಿಕಾಯಗಳಲ್ಲಿ ಕೆಲವು, ಹುಳ ಹೋದ ಮೇಲೂ ಸುಮ್ಮನಾಗದೆ ಅವಳ ಒಳ್ಳೆಯ ಕೆಂಪು ರಕ್ತಕಣಗಳನ್ನೇ ಬಡಿಯುತ್ತಿದ್ದವು. ಇದನ್ನು ನಾವೀಗ ತನ್ನೇಟು ಎನ್ನುತ್ತೇವೆ. ನಿಮ್ಮ ಕಾಲಕ್ಕೇ ಇದು ಗೊತ್ತಿತ್ತು ಎಂದು ಡಾಕ್ಟರು ಹೇಳಿದಾಗ ಸಿಟ್ಟು ನೆತ್ತಿಗೇರಿತು. ಮಲೇರಿಯಾ ಇನ್ನೇನು ತೊಲಗಿತು ಎಂದುಕೊಂಡು ಕಲಿಸುವುದನ್ನೇ ಬಿಟ್ಟಿರಲ್ಲ! ನಮ್ಮ ಪಾಲಿಗೆ ಹುಳ ಹುಡುಕುವುದೊಂದೇ ಉಳಿಯಿತು.

ಸಾಗರಿಗೆ ರಕ್ತ ಕೊಟ್ಟಿದ್ದಾರೆ, ಪ್ರತಿಕಾಯಗಳನ್ನು ತಗ್ಗಿಸುವ ಮದ್ದೂ ನಡೆದಿದೆ. ಉಳಿಯುತ್ತಾಳೆಂದು ಯಾರೂ ಮಾತು ಕೊಟ್ಟಿಲ್ಲ. ದೀಪ ಇನ್ನೂ ಉರಿಯುತ್ತಿದೆ. ಬೈದವರೇ ಬಂದು ಸರದಿ ಕೂರುತ್ತಿದ್ದಾರೆ.

ನನ್ನ ಕೋರಿಕೆ ಇಷ್ಟೇ. ಹುಳ ಹೋದ ದಿನ ಊಟ ಹಾಕಿಸಿ, ಬೇಡವೆನ್ನುವುದಿಲ್ಲ. ಆದರೆ ರೋಗಿಯ ಪಕ್ಕದಿಂದ ಏಳಬೇಡಿ, ಇದನ್ನು ಮಕ್ಕಳಿಗೆ ಕಲಿಸುವುದನ್ನೂ ಬಿಡಬೇಡಿ.

ಇವತ್ತು ಬೆಳಿಗ್ಗೆ ಅತ್ತೆ ಮೊಮ್ಮಗಳ ರೆಪ್ಪೆ ಎಳೆದು ನೋಡಿ, "ಬಾ, ನೀನೂ ಒಮ್ಮೆ ನೋಡು" ಎಂದು ನನ್ನನ್ನು ಕರೆದರು. ನೋಡಿದೆ. ಕೆಂಪು ಎನ್ನಲಾರೆ. ಆದರೆ ಬಿಳಿಯಲ್ಲ.

ಸಾಗರಿಯ ತಾಯಿ,
ಯಮುನಾ