ಬೀರುವಿನ ಒಳಬಾಗಿಲು

ಶ್ರೀರಂಗಪಟ್ಟಣ
೧೯ ಜನವರಿ ೨೦೨೫

ಪ್ರೀತಿಯ ಅನು,

ನೀನು, ನಿನ್ನ ಯಜಮಾನರು, ಮಗಳು ಸ್ನೇಹ ಫಿನ್ಲೆಂಡಿನ ಚಳಿಯಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ವಾಟ್ಸಾಪಿನಲ್ಲಿ ಬರೆದರೆ ನೀನು ನೋಡಿ ಸುಮ್ಮನಾಗಿಬಿಡುತ್ತೀಯ, ಅದಕ್ಕೇ ಈ ಕಾಗದ.

ಪತ್ರಿಕೆಗೆಂದು ಬರೆದು ನೀನು ನನಗೆ ಕಳಿಸಿದ ಲೇಖನ ಓದಿದೆ. ಪಿಯುಸಿ ಓದುವ ಮಕ್ಕಳಿಗೆ ಫಿನ್ಲೆಂಡ್ ಸರ್ಕಾರ ಎಷ್ಟು ಖರ್ಚು ಮಾಡುತ್ತದೆ, ನಮ್ಮದು ಎಷ್ಟು ಮಾಡುತ್ತದೆ ಎಂದು ಚೆನ್ನಾಗಿ ತೂಗಿದ್ದೀಯ. ಅಲ್ಲಿ ಪುಸ್ತಕ, ಊಟ ಎಲ್ಲ ಸರ್ಕಾರದ್ದಂತೆ. ಸಂತೋಷ. ಆದರೆ ಕೊನೆಯಲ್ಲಿ, 'ಸರ್ಕಾರ ಲ್ಯಾಬಿಗೆ ಹಣ ಕೊಡದ ಕಾರಣ ನನ್ನೂರಿನ ಹುಡುಗಿಯರಿಗೆ ವಿಜ್ಞಾನ ಸಿಗಲಿಲ್ಲ' ಎಂದು ಬರೆದು, ಅದರ ಜೊತೆ ಹಾಕಲು ನಾವಿಬ್ಬರೂ ಓದಿದ ಸರ್ಕಾರಿ ಕಾಲೇಜಿನ ಖಾಲಿ ಲ್ಯಾಬಿನ ಫೋಟೋ ಕೇಳಿದ್ದೀಯಲ್ಲ, ಅಲ್ಲಿ ನನ್ನ ಮೈ ಉರಿದುಹೋಯಿತು. ನಾನೀಗ ಅದೇ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು. ಖರ್ಚು ಮಾಡಿದ್ದಕ್ಕೂ ಮಾಡದಿದ್ದಕ್ಕೂ ವ್ಯತ್ಯಾಸ ನನಗೆ ಗೊತ್ತು.

ಹೋದ ವರ್ಷ ಪರೀಕ್ಷೆಯ ಮೇಲ್ವಿಚಾರಣೆಗೆಂದು ನನ್ನನ್ನು ನಿಮ್ಮಪ್ಪನ ಖಾಸಗಿ ಕಾಲೇಜಿಗೆ ಹಾಕಿದ್ದರು. ಅಲ್ಲಿನ ಲ್ಯಾಬಿನಲ್ಲಿ ಒಂದು ಕಬ್ಬಿಣದ ಬೀರು. ಹೊರಗೆಲ್ಲ ಹೊಸ ಬಣ್ಣ. ದಾನ ಕೊಟ್ಟವರು ಹೆಸರನ್ನು ಎದ್ದು ಕಾಣುವಂತೆ ಬರೆಸುತ್ತಾರೆ. ನಾನು ಪಿಯುಸಿ ಸೇರಿದಾಗ ಅದನ್ನು ನಮ್ಮ ಲ್ಯಾಬಿಗೆ ಕೊಟ್ಟ ನಮ್ಮಪ್ಪನಿಗೆ ಸಂಕೋಚ, ಒಳಬಾಗಿಲಿಗೆ ಬರೆಸಿದ್ದ. ಅಲ್ಲಿಗೆ ಯಾರೂ ಬಣ್ಣ ಬಳಿದಿಲ್ಲ. 'ಮಗಳು ಸುನಿತಾಳ ಓದಿಗಾಗಿ, ಪುಟ್ಟರಾಜು' ಎಂದು ಹಾಗೇ ಇದೆ. ಕೆಳಗಿನ ಅರೆಯಲ್ಲಿ ಸರ್ಕಾರ ನಮಗೆ ಕೊಟ್ಟಿದ್ದ ಮೈಕ್ರೋಸ್ಕೋಪುಗಳು. ಬಾಗಿಲು ತೆರೆದಿಟ್ಟೇ ಫೋಟೋ ತೆಗೆದುಕೊಂಡು ಬಾಯಿ ಮುಚ್ಚಿಕೊಂಡು ಬಂದೆ.

ಮೊನ್ನೆ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ನಿಮ್ಮಪ್ಪನನ್ನೇ ಮುಖ್ಯ ಅತಿಥಿಯಾಗಿ ಕರೆಯಿರಿ ಎಂದು ಪ್ರಿನ್ಸಿಪಾಲರ ಬೆನ್ನು ಬಿದ್ದವಳು ನಾನೇ. ನನ್ನ ವಿದ್ಯಾರ್ಥಿನಿ ಅಕ್ಷಿತಾಳಿಂದ ನಿನ್ನ ಲೇಖನವನ್ನು ಕನ್ನಡದಲ್ಲಿ ಓದಿಸಿದೆ. ನಿಮ್ಮಪ್ಪ ಪಕ್ಕದವರಿಗೆಲ್ಲ ಹೇಳಿದ್ದೂ ಹೇಳಿದ್ದೇ, "ನಮ್ಮ ಅನು ಬರ್ದಿರೋದು ಕಣ್ರಪ್ಪಾ, ಫಿನ್ಲೆಂಡ್ನಾಗವ್ಳೆ." ಆಮೇಲೆ ನಾನು ಮೈಕು ತೆಗೆದುಕೊಂಡು, ಸರ್ಕಾರ ಕೊಟ್ಟ ಲ್ಯಾಬು ಎಲ್ಲಿದೆ ನೋಡೋಣ ಎಂದು ಪರದೆಯ ಮೇಲೆ ಆ ಫೋಟೋ ಹಾಕಿಸಿದೆ.

"ಯಾವ್ ಬೀರುನೋ ಏನೋ, ಎಲ್ಲಾ ಒಂದೇ ತರ ಇರ್ತವೆ ಬುಡಮ್ಮ," ಎಂದರು ನಿಮ್ಮಪ್ಪ.

ಹಿಂದಿನ ಸಾಲಿನಿಂದ ನಮ್ಮಪ್ಪ ಎದ್ದ. ಸಭೆಯಲ್ಲಿ ಅವನು ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ. "ಒಳಗಡೆ ನನ್ನೆಸ್ರು ಅದೆ ಕಣ್ಲಾ ಮರಿಸ್ವಾಮಿ. ಓದು."

ಶಾಲು ಹೊದಿಸುವುದಕ್ಕೂ ಕಾಯದೆ ನಿಮ್ಮಪ್ಪ ಕಾರು ಹತ್ತಿದರು. ನನಗೆ ಅಯ್ಯೋ ಎನಿಸಲಿಲ್ಲ. ಅವತ್ತು ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡೆ. ಆಗ ನಮ್ಮ ಕಾಲೇಜು ಸಮಿತಿಯ ಅಧ್ಯಕ್ಷರಾಗಿದ್ದುಕೊಂಡೇ ಸಾಮಾನು ಸಾಗಿಸಿ, ಲ್ಯಾಬೇ ಇಲ್ಲವೆಂದು ನಮ್ಮ ವಿಜ್ಞಾನ ವಿಭಾಗ ಮುಚ್ಚಿಸಿ, ನನ್ನನ್ನು ಕಲಾ ವಿಭಾಗಕ್ಕೆ ತಳ್ಳಿದವರಿಗೆ ಅಷ್ಟಾದರೂ ಆಗಬೇಡವೇ?

ಸರ್ಕಾರ ಕೊಟ್ಟದ್ದು ಕಡಿಮೆಯೇ, ಒಪ್ಪುತ್ತೇನೆ. ಕೊಟ್ಟಷ್ಟು ಎಲ್ಲಿಗೆ ಹೋಯಿತೆಂದೂ ಬರೆ. ಫೋಟೋ ಇದರ ಜೊತೆಗಿದೆ, ನಿನ್ನ ಲೇಖನದಲ್ಲಿ ಹಾಕು. ನೀನು ಹಾಕದಿದ್ದರೆ ಆ ಪತ್ರಿಕೆಗೆ ನಾನೇ ಕಳಿಸುತ್ತೇನೆ. ವಿಳಾಸ ಲೇಖನದ ತಲೆಯ ಮೇಲೇ ಇದೆ.

ಸ್ನೇಹಳಿಗೆ ನನ್ನ ಆಶೀರ್ವಾದ. ಅವಳು ಬೇಕಾದ್ದನ್ನು ಓದಲಿ, ಅವಳ ಲ್ಯಾಬಿನ ಸಾಮಾನು ಅವಳ ಲ್ಯಾಬಿನಲ್ಲೇ ಇರಲಿ.

ನಿನ್ನ ಗೆಳತಿ,
ಸುನಿತಾ

ಮರೆತಿದ್ದೆ: ಆ ಬೀರುವನ್ನು ಟ್ರಾಕ್ಟರಿಗೆ ಏರಿಸಿದ ಶನಿವಾರ ನೀನು ಟ್ರಾಕ್ಟರಿನ ಮೇಲೆ ಕೂತಿದ್ದೆ. ಮೈಕ್ರೋಸ್ಕೋಪಿನ ಪೆಟ್ಟಿಗೆಗಳನ್ನು ಒಡೆಯದ ಹಾಗೆ ಒಂದೊಂದಾಗಿ ನಿನ್ನ ಕೈಗೆ ಎತ್ತಿ ಕೊಟ್ಟವಳು ನಾನು. "ರಿಪೇರಿಗೆ ಕಣೇ ಸುನಿ, ಸೋಮ್ವಾರ ವಾಪಸ್ ಬತ್ತವೆ," ಅಂದಿದ್ದೆ. ನಿನಗೆ ಹಾಗೆಂದು ನಿಮ್ಮಪ್ಪ ಹೇಳಿರಬೇಕೆಂದು ಇಷ್ಟು ವರ್ಷವೂ ನನಗೆ ನಾನೇ ಹೇಳಿಕೊಂಡೆ. ಆದರೆ ಅನು, ಆ ಸೋಮವಾರ ನಾನು ಲ್ಯಾಬಿನ ಬಾಗಿಲಲ್ಲಿ ಕಾಯುತ್ತಿದ್ದಾಗ ನೀನೂ ಬರಲಿಲ್ಲ. ನಿಮ್ಮಪ್ಪನ ಕಾಲೇಜಿನ ಹೊಸ ಯೂನಿಫಾರಂ ಅಷ್ಟರಲ್ಲಾಗಲೇ ನಿನಗೆ ಹೊಲಿಸಿಯಾಗಿತ್ತು.